ಉಬ್ಬಸ: ಮನೆತನದ ಬಳುವಳಿಯೋ, ಉಸಿರಾಡುವ ಗಾಳಿಯ ದೋಷವೋ?
ವಂಶವಾಹಿ ಅಧ್ಯಯನಗಳು ನೀಡುವ ಸಾಕ್ಷ್ಯ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಉಬ್ಬಸದ ಕಾಯಿಲೆಯನ್ನು ಜನರು ‘ದಮ್ಮು’ ಎಂದು ಕರೆಯುತ್ತಾರೆ. ಮಗುವೊಂದಕ್ಕೆ ದಮ್ಮು ಕಾಣಿಸಿಕೊಂಡಾಗ ಮೊದಲು ಕೇಳಿಬರುವ ಮಾತು ‘ಅದು ಅವರ ಮನೆತನದಾಗೇ ಅದ’ ಎಂಬುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದರ ಬೆನ್ನಿಗೇ ಬರುವ ತೀರ್ಮಾನ, ಅಂದರೆ ಮನೆತನದಿಂದ ಬಂದದ್ದಕ್ಕೆ ಯಾರೂ ಏನೂ ಮಾಡಲಾಗದು ಎಂಬುದು, ಸರಿಯಲ್ಲ. ಇಂತಹ ತೀರ್ಮಾನದಿಂದ ಎರಡು ಬಗೆಯ ಹಾನಿ ಉಂಟಾಗುತ್ತದೆ. ಮಗುವಿನ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಅಡುಗೆಮನೆಯ ಹೊಗೆ, ರಸ್ತೆಯ ಧೂಳು, ಕಸ ಸುಡುವಿಕೆ, ಕಾಂಗ್ರೆಸ್ ಹುಲ್ಲು ಮುಂತಾದ ವಿಷಯಗಳು ಆರೋಗ್ಯದ ವಿಷಯಗಳಾಗಿ ಗ್ರಾಮಸಭೆಯ ಮುಂದೆ ಬರುವುದೇ ಇಲ್ಲ.

ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ವಂಶವಾಹಿಗಳನ್ನು ಪರಿಶೀಲಿಸಿ, ಉಬ್ಬಸಕ್ಕೆ ಕಾರಣವಾಗುವ ಪರಿಸರದ ಅಂಶಗಳನ್ನು ಗುರುತಿಸುವ ವಿಧಾನಗಳನ್ನು ರೂಪಿಸಿದ್ದಾರೆ. ಅವುಗಳ ತಿರುಳನ್ನು ಗ್ರಾಮ ಪಂಚಾಯತಿ ಸದಸ್ಯರು ಅರಿತಿದ್ದರೆ ತಮ್ಮ ಗ್ರಾಮದ ಯೋಜನೆಯಲ್ಲಿ ಯಾವ ಕೆಲಸಕ್ಕೆ ಆದ್ಯತೆ ನೀಡಬೇಕೆಂಬುದನ್ನು ಆಧಾರಸಹಿತವಾಗಿ ನಿರ್ಧರಿಸಬಹುದು.

ಕಾಯಿಲೆಯ ಸ್ವರೂಪ

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಳ್ಳುತ್ತದೆ. ನಾಳಗಳ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಉಸಿರು ಬಿಡುವಾಗ ಸುಯ್ಯೆಂಬ ಸದ್ದು, ರಾತ್ರಿ ಮತ್ತು ಬೆಳಗಿನ ಜಾವದ ಕೆಮ್ಮು, ಎದೆ ಬಿಗಿತ ಇದರ ಲಕ್ಷಣಗಳು. ಇದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವ ರೋಗವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 12 ಕೇಂದ್ರಗಳಲ್ಲಿ ನಡೆಸಿದ ‘ಇನ್‌ಸರ್ಚ್’ ಸಮೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸುಮಾರು 1.7 ಲಕ್ಷ ಜನರನ್ನು ಒಳಗೊಂಡ ಆ ಸಮೀಕ್ಷೆಯಲ್ಲಿ 15 ವರ್ಷ ಮೀರಿದವರ ಪೈಕಿ ಶೇ. 2.05ರಷ್ಟು ಜನರಿಗೆ ಉಬ್ಬಸವಿರುವುದು ಕಂಡುಬಂದಿತು. ಹೆಚ್ಚಿದ ವಯಸ್ಸು, ಧೂಮಪಾನ, ಮನೆಯೊಳಗೆ ಇತರರು ಬಿಡುವ ತಂಬಾಕಿನ ಹೊಗೆ, ಹೊಗೆಯುಗುಳುವ ಅಡುಗೆ ಇಂಧನ, ಜೊತೆಗೆ ಹೆತ್ತವರು ಅಥವಾ ಒಡಹುಟ್ಟಿದವರಿಗೆ ಉಬ್ಬಸವಿರುವುದು ಈ ಕಾಯಿಲೆಯೊಂದಿಗೆ ನಂಟುಳ್ಳ ಅಂಶಗಳೆಂದು ಸಮೀಕ್ಷೆ ದಾಖಲಿಸಿತು. ಈ ಪಟ್ಟಿಯಲ್ಲಿ ಮನೆತನವೂ ಇದೆ, ಗಾಳಿಯೂ ಇದೆ ಎಂಬುದು ಗಮನಾರ್ಹ.

ಕಾರಣವನ್ನು ಬೇರ್ಪಡಿಸುವ ತೊಡಕು

ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಅಥವಾ ಕುಳ್ಳಿನ ಒಲೆಯಲ್ಲಿ ಅಡುಗೆ ಮಾಡುವ ಕುಟುಂಬವೊಂದನ್ನು ಪರಿಗಣಿಸಬಹುದು. ಆ ಮನೆಯ ಮಗುವಿಗೆ ಉಬ್ಬಸವಿದ್ದರೆ ಹೊಗೆಯೇ ಕಾರಣವೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಅಂತಹ ಮನೆಯಲ್ಲಿ ಬಡತನವೂ ಇರಬಹುದು, ಕೋಣೆಗಳು ಇಕ್ಕಟ್ಟಾಗಿರಬಹುದು, ಮಗುವಿಗೆ ಪೌಷ್ಟಿಕ ಆಹಾರ ಸಾಲದಿರಬಹುದು, ಹಿರಿಯರು ಮನೆಯೊಳಗೇ ಬೀಡಿ ಸೇದುತ್ತಿರಬಹುದು. ಗ್ಯಾಸ್ ಒಲೆಯುಳ್ಳ ಮನೆಯಲ್ಲಿ ಈ ಎಲ್ಲ ಸಂಗತಿಗಳೂ ಒಟ್ಟಿಗೆ ಬೇರೆಯಾಗಿರುತ್ತವೆ. ಆದುದರಿಂದ ಎರಡು ಮನೆಗಳನ್ನು ಹೋಲಿಸಿದ ಮಾತ್ರಕ್ಕೆ ದೋಷ ಹೊಗೆಯದೋ, ಬಡತನದ್ದೋ ಎಂದು ಖಚಿತವಾಗಿ ಹೇಳಲಾಗದು. ಪ್ರಯೋಗಕ್ಕಾಗಿ ಮಕ್ಕಳನ್ನು ಬೇಕೆಂದೇ ಹೊಗೆಗೆ ಒಡ್ಡುವುದು ನೈತಿಕವಾಗಿ ಸಾಧ್ಯವಿಲ್ಲ. ಈ ತೊಡಕನ್ನು ಬಿಡಿಸಲು ವಂಶವಾಹಿಗಳು ನೆರವಾಗುತ್ತವೆ.

ಚೀಟಿ ಎತ್ತುವ ನ್ಯಾಯ

ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತಗಳು ಬಂದಾಗ ಚೀಟಿ ಎತ್ತಿ ಆಯ್ಕೆ ಮಾಡುವ ಕ್ರಮವನ್ನು ಸದಸ್ಯರು ಬಲ್ಲರು. ಚೀಟಿಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ. ಆದ್ದರಿಂದಲೇ ಅದರ ಫಲವನ್ನು ಎಲ್ಲರೂ ಒಪ್ಪುತ್ತಾರೆ. ಮಗುವಿಗೆ ವಂಶವಾಹಿಗಳು ಒದಗುವ ರೀತಿಯೂ ಹೀಗೆಯೇ. ತಂದೆಯಲ್ಲಿರುವ ಎರಡು ಪ್ರತಿಗಳಲ್ಲಿ ಒಂದು, ತಾಯಿಯಲ್ಲಿರುವ ಎರಡು ಪ್ರತಿಗಳಲ್ಲಿ ಒಂದು ಮಗುವಿಗೆ ಬರುತ್ತವೆ. ಯಾವ ಪ್ರತಿ ಬರಬೇಕೆಂಬುದನ್ನು ಮನೆಯ ಆದಾಯವಾಗಲಿ, ಒಲೆಯಾಗಲಿ, ಊರಾಗಲಿ ನಿರ್ಧರಿಸುವುದಿಲ್ಲ. ಗರ್ಭ ನಿಂತ ಗಳಿಗೆಯಲ್ಲಿಯೇ ಈ ಹಂಚಿಕೆ ಮುಗಿದಿರುತ್ತದೆ. ಮುಂದೆ ಬರುವ ಕಾಯಿಲೆ ಅದನ್ನು ಬದಲಿಸಲಾರದು.

ಈ ಗುಣವನ್ನು ಬಳಸಿಕೊಂಡು ರೋಗಕಾರಣವನ್ನು ಪರೀಕ್ಷಿಸಬಹುದೆಂದು ನೆದರ್‌ಲೆಂಡ್ಸ್‌ನ ಮಾರ್ಟಿನ್ ಕಟಾನ್ ಅವರು 1986ರಲ್ಲಿ ಸೂಚಿಸಿದರು. 2003ರಲ್ಲಿ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಅವರು ಅದನ್ನು ವಿಸ್ತಾರವಾಗಿ ನಿರೂಪಿಸಿದರು. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ಅವರ ಹೆಸರಿನಲ್ಲಿ ಇದನ್ನು ‘ಮೆಂಡೇಲಿಯನ್ ರ‍್ಯಾಂಡಮೈಸೇಶನ್’ ಎಂದು ಕರೆಯಲಾಗುತ್ತದೆ.

ಈ ವಿಧಾನವು ಕೆಲವೊಮ್ಮೆ ತಪ್ಪು ನಂಬಿಕೆಗಳನ್ನು ಸರಿಪಡಿಸುವುದೂ ಉಂಟು. ಉಬ್ಬಸವುಳ್ಳ ಅನೇಕರ ರಕ್ತದಲ್ಲಿ ಡಿ ಜೀವಸತ್ವ ಕಡಿಮೆ ಇರುತ್ತದೆ. ಆ ಕೊರತೆಯಿಂದಲೇ ಉಬ್ಬಸ ಬರುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಹುಟ್ಟಿನಿಂದಲೇ ಡಿ ಜೀವಸತ್ವ ಕಡಿಮೆ ಇರುವಂತೆ ಮಾಡುವ ವಂಶವಾಹಿ ರೂಪಗಳನ್ನು ಪಡೆದವರಲ್ಲಿ ಉಬ್ಬಸ ಹೆಚ್ಚಾಗಿದೆಯೇ ಎಂದು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಕಾಯಿಲೆಯ ಮಗು ಬಿಸಿಲಿನಲ್ಲಿ ಆಡದೆ ಮನೆಯೊಳಗೇ ಉಳಿಯುವುದರಿಂದಲೂ ಡಿ ಜೀವಸತ್ವ ಕಡಿಮೆಯಾಗಬಹುದು. ಒಟ್ಟಿಗೆ ಕಾಣುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಹೊಗೆಯ ವಿರುದ್ಧ ಸಾಕ್ಷ್ಯ

ದೇಹಕ್ಕೆ ಸೇರುವ ಹೊಗೆಯ ವಿಷಾಂಶಗಳನ್ನು ನಿರುಪದ್ರವಗೊಳಿಸುವ ಕಿಣ್ವಗಳಲ್ಲಿ ಒಂದನ್ನು ‘ಜಿಎಸ್‌ಟಿಎಂ1’ ಎಂಬ ವಂಶವಾಹಿ ತಯಾರಿಸುತ್ತದೆ. ಅನೇಕ ಜನರಲ್ಲಿ ಈ ವಂಶವಾಹಿ ಹುಟ್ಟಿನಿಂದಲೇ ಇರುವುದಿಲ್ಲ. ಆದರೂ ಅವರು ಸಾಮಾನ್ಯ ಆರೋಗ್ಯದಿಂದಲೇ ಬಾಳುತ್ತಾರೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು, ತಾಯಿ ಗರ್ಭಿಣಿಯಾಗಿದ್ದಾಗ ಧೂಮಪಾನ ಮಾಡಿದ್ದರೆ ಮಕ್ಕಳಲ್ಲಿ ಉಬ್ಬಸ ಹೆಚ್ಚುವುದೇ ಎಂದು ಪರಿಶೀಲಿಸಿತು. ಈ ವಂಶವಾಹಿ ಇಲ್ಲದ ಮಕ್ಕಳಲ್ಲಿ ಉಬ್ಬಸ ಹೆಚ್ಚಾಗಿರುವುದು ಕಂಡುಬಂದಿತು. ವಂಶವಾಹಿ ಇದ್ದ ಮಕ್ಕಳಲ್ಲಿ ಅಂತಹ ಪರಿಣಾಮ ಕಾಣಲಿಲ್ಲ.

ಈ ಫಲಿತಾಂಶದ ಮಹತ್ವವನ್ನು ಸರಿಯಾಗಿ ಗ್ರಹಿಸಬೇಕು. ಕಾಯಿಲೆಗೆ ಬಡತನ ಅಥವಾ ಇಕ್ಕಟ್ಟಾದ ಮನೆಯಷ್ಟೇ ಕಾರಣವಾಗಿದ್ದರೆ ಹೊಗೆಯ ವಿಷ ಕಳೆಯುವ ವಂಶವಾಹಿಯ ಇರುವಿಕೆಯಿಂದ ಯಾವ ವ್ಯತ್ಯಾಸವೂ ಆಗಬೇಕಾಗಿರಲಿಲ್ಲ. ಹೊಗೆಯನ್ನು ಎದುರಿಸುವ ಶಕ್ತಿ ಕಡಿಮೆಯಿರುವವರಿಗೇ ಹೊಗೆಯ ಪೆಟ್ಟು ಹೆಚ್ಚು ಬಿದ್ದಿರುವುದರಿಂದ ದೋಷ ಹೊಗೆಯದೇ ಎಂಬ ವಾದಕ್ಕೆ ಬಲ ಬರುತ್ತದೆ.

ಇನ್ನೊಂದು ಸಾಕ್ಷ್ಯವು 17ನೆಯ ವರ್ಣತಂತುವಿನಿಂದ ದೊರೆತಿದೆ. ಅದರ ಒಂದು ಭಾಗಕ್ಕೂ ಬಾಲ್ಯದ ಉಬ್ಬಸಕ್ಕೂ ನಂಟಿರುವುದು 2007ರಲ್ಲಿ ತಿಳಿದುಬಂದಿತು. ಮರುವರ್ಷ ಫ್ರಾನ್ಸ್‌ನ 372 ಕುಟುಂಬಗಳ ಅಧ್ಯಯನವು, ಆ ನಂಟು ಎಳೆಯ ವಯಸ್ಸಿನಲ್ಲೇ ಆರಂಭವಾಗುವ ಉಬ್ಬಸಕ್ಕೆ ಸಂಬಂಧಿಸಿದ್ದೆಂದೂ, ಶೈಶವದಲ್ಲಿ ತಂಬಾಕಿನ ಹೊಗೆ ಸೇವಿಸಿದ ಮಕ್ಕಳಲ್ಲಿ ಅದು ಇನ್ನಷ್ಟು ಪ್ರಬಲವೆಂದೂ ತೋರಿಸಿತು. ಒಂದೇ ಬಗೆಯ ವಂಶವಾಹಿ ಪಡೆದ ಮಕ್ಕಳಲ್ಲಿ ಹೊಗೆಯಿಲ್ಲದ ಮನೆಯ ಮಗುವಿಗೆ ಅಪಾಯ ಕಡಿಮೆ ಎಂಬುದೇ ಇದರ ಸಾರ.

ಈ ಎರಡೂ ಅಧ್ಯಯನಗಳು ತಂಬಾಕಿನ ಹೊಗೆಯನ್ನು ಕುರಿತವು. ಸೌದೆ ಮತ್ತು ಕುಳ್ಳಿನ ಹೊಗೆ ಅದರಂತೆಯೇ ಇದೆಯೆಂದು ಹೇಳುವಂತಿಲ್ಲ. ಆದರೆ ಎರಡರಲ್ಲಿಯೂ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳೂ, ಉರಿಯೂತವನ್ನುಂಟುಮಾಡುವ ರಾಸಾಯನಿಕಗಳೂ ಇವೆ. ನಮ್ಮ ದೇಶದ ಇನ್‌ಸರ್ಚ್ ಸಮೀಕ್ಷೆ ಅಡುಗೆ ಇಂಧನವನ್ನು ಪ್ರತ್ಯೇಕವಾಗಿ ಹೆಸರಿಸಿರುವುದನ್ನು ಇಲ್ಲಿ ಸೇರಿಸಿ ನೋಡಬೇಕು.

ಒಂದೇ ಮೂಲದ ಎರಡು ರೈತ ಸಮುದಾಯಗಳು

ಅಮೆರಿಕದಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಇಬ್ಬರ ಪೂರ್ವಜರೂ ಯುರೋಪಿನಿಂದ ವಲಸೆ ಬಂದವರು; ವಂಶವಾಹಿಗಳ ದೃಷ್ಟಿಯಿಂದ ತೀರ ಹತ್ತಿರದವರು. ದೊಡ್ಡ ಕುಟುಂಬ, ಮಗುವಿಗೆ ಎದೆಹಾಲು, ತಂಬಾಕಿನಿಂದ ದೂರವಿರುವುದು ಮೊದಲಾದ ಪದ್ಧತಿಗಳಲ್ಲಿಯೂ ಸಾಮ್ಯವಿದೆ. ವ್ಯತ್ಯಾಸವಿರುವುದು ಬೇಸಾಯದಲ್ಲಿ. ಆಮಿಷ್ ಕುಟುಂಬಗಳು ಕುದುರೆಗಳಿಂದ ಹೊಲ ಉಳುತ್ತವೆ. ಕೊಟ್ಟಿಗೆ ಮನೆಯ ಸಮೀಪದಲ್ಲೇ ಇದ್ದು, ಮಕ್ಕಳು ಎಳವೆಯಿಂದಲೇ ಅಲ್ಲಿ ಓಡಾಡುತ್ತವೆ. ಹಟರೈಟರು ದೊಡ್ಡ ಸಾಮೂಹಿಕ ಜಮೀನುಗಳಲ್ಲಿ ಯಂತ್ರಗಳಿಂದ ಬೇಸಾಯ ಮಾಡುತ್ತಾರೆ. ಚಿಕ್ಕ ಮಕ್ಕಳಿಗೆ ಜಾನುವಾರುಗಳ ಒಡನಾಟ ಕಡಿಮೆ.

2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಷ್ ಶಾಲಾ ಮಕ್ಕಳಲ್ಲಿ ಉಬ್ಬಸ ಶೇ. 5.2 ಇದ್ದರೆ ಹಟರೈಟ್ ಮಕ್ಕಳಲ್ಲಿ ಶೇ. 21.3 ಇತ್ತು. ವಂಶವಾಹಿಗಳು ಒಂದೇ ತೆರನಾಗಿರುವುದರಿಂದ ಈ ಅಂತರಕ್ಕೆ ಪರಿಸರದಲ್ಲಿಯೇ ಕಾರಣ ಹುಡುಕಬೇಕಾಯಿತು. ಆಮಿಷ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾಗಳಿಂದ ಬರುವ ‘ಎಂಡೋಟಾಕ್ಸಿನ್’ ಎಂಬ ಅಂಶ 6.8 ಪಟ್ಟು ಹೆಚ್ಚಾಗಿತ್ತು. ಆ ಧೂಳಿನ ಸಾರವನ್ನು ಇಲಿಗಳಿಗೆ ನೀಡಿದಾಗ ಅವುಗಳಿಗೆ ಉಬ್ಬಸದಿಂದ ರಕ್ಷಣೆ ದೊರೆಯಿತು. ಬ್ಯಾಕ್ಟೀರಿಯಾಗಳ ಇರವನ್ನು ದೇಹಕ್ಕೆ ತಿಳಿಸುವ ಎರಡು ವಂಶವಾಹಿಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಅದೇ ಧೂಳು ರಕ್ಷಣೆ ನೀಡಲಿಲ್ಲ. ಧೂಳಿನಲ್ಲಿರುವ ಯಾವ ಅಂಶ, ದೇಹದ ಯಾವ ದಾರಿಯಿಂದ ಕೆಲಸ ಮಾಡುತ್ತದೆ ಎಂಬುದು ಹೀಗೆ ತಿಳಿಯಿತು.

ಇದರಿಂದ ಧೂಳೆಲ್ಲವೂ ಒಳ್ಳೆಯದೆಂದು ಭಾವಿಸಬಾರದು. ದನಕರುಗಳ ಒಡನಾಟ ಬೇರೆ, ಸಗಣಿಯನ್ನು ಕುಳ್ಳು ಮಾಡಿ ಉರಿಸಿದಾಗ ಏಳುವ ಹೊಗೆ ಬೇರೆ. ಕೊಟ್ಟಿಗೆಯುಳ್ಳ ಮನೆಯ ಮಗುವಿಗೆ ದೊರೆಯಬಹುದಾದ ರಕ್ಷಣೆಯನ್ನು ಅದೇ ಮನೆಯ ಒಲೆ ಕಸಿದುಕೊಳ್ಳಬಹುದು. ಈಗಾಗಲೇ ಉಬ್ಬಸವಿರುವವರಿಗಂತೂ ಯಾವ ಧೂಳೂ ಚಿಕಿತ್ಸೆಯಾಗಲಾರದು.

ಕರ್ನಾಟಕದ ಅನುಭವ

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 18 ವರ್ಷದೊಳಗಿನ 20,000 ಮಕ್ಕಳ ಮಾಹಿತಿಯನ್ನು ಆಧರಿಸಿ, ಉಬ್ಬಸದ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದುದನ್ನು ದಾಖಲಿಸಿದರು. ಇವರು ಆಸ್ಪತ್ರೆಗೆ ಬಂದ ಮಕ್ಕಳಾದುದರಿಂದ ಈ ಸಂಖ್ಯೆ ಇಡೀ ನಗರಕ್ಕೆ ಹಾಗೆಯೇ ಅನ್ವಯಿಸದು. ಆದರೂ ಇಪ್ಪತ್ತು ವರ್ಷಗಳಲ್ಲಿ ಒಂದು ಜನಸಮುದಾಯದ ವಂಶವಾಹಿಗಳು ಇಷ್ಟರಮಟ್ಟಿಗೆ ಬದಲಾಗುವುದಿಲ್ಲ. ಆ ಅವಧಿಯಲ್ಲಿ ಬದಲಾದದ್ದು ನಗರದ ಗಾಳಿ ಮತ್ತು ಬದುಕಿನ ರೀತಿ. ಶಾಲೆಗಳಲ್ಲಿ ನಡೆಸಿದ ಪರಿಶೀಲನೆಯಲ್ಲಿ ವಾಹನ ದಟ್ಟಣೆ ಕಡಿಮೆಯಿರುವ ಪ್ರದೇಶದ ಮಕ್ಕಳಲ್ಲಿ ಉಬ್ಬಸ ಶೇ. 11.15, ದಟ್ಟಣೆ ಹೆಚ್ಚಿರುವಲ್ಲಿ ಶೇ. 19.34, ದಟ್ಟಣೆಯ ಜೊತೆಗೆ ಬಡತನವೂ ಇರುವಲ್ಲಿ ಶೇ. 31.14 ಇತ್ತು. ಯಾದಗಿರಿ, ಶಹಾಪುರ, ಸುರಪುರ ಭಾಗಗಳಿಂದ ಕಟ್ಟಡ ಕೆಲಸಕ್ಕಾಗಿ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಹೆಚ್ಚಾಗಿ ಈ ಕೊನೆಯ ಬಗೆಯ ಪ್ರದೇಶಗಳಲ್ಲಿಯೇ ನೆಲೆಸುತ್ತಾರೆ ಎಂಬುದನ್ನು ಮರೆಯಲಾಗದು.

ಕಾಂಗ್ರೆಸ್ ಹುಲ್ಲಿನ ಪರಾಗವನ್ನು ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಹೋದ್ಯೋಗಿಗಳು ನಡೆಸಿದ ಕೆಲಸವೂ ಇಲ್ಲಿ ಉಲ್ಲೇಖಾರ್ಹ. ನಗರದಲ್ಲಿ ಅವರು ನಡೆಸಿದ ಸಮೀಕ್ಷೆಯಲ್ಲಿ ಶೇ. 7ರಷ್ಟು ಜನರು ಈ ಪರಾಗದಿಂದ ಮೂಗಿನ ಅಲರ್ಜಿಗೆ ಒಳಗಾಗಿದ್ದರು. ಮೂಗಿನ ಅಲರ್ಜಿಯುಳ್ಳವರಲ್ಲಿ ಉಬ್ಬಸದ ಸಾಧ್ಯತೆ ಹೆಚ್ಚು. ದೇಹವು ತನ್ನದನ್ನೂ ಹೊರಗಿನದನ್ನೂ ಗುರುತಿಸಲು ಬಳಸುವ ‘ಎಚ್‌ಎಲ್‌ಎ’ ಎಂಬ ಅನುವಂಶೀಯ ಗುರುತುಗಳಿಗೂ ಈ ಅಲರ್ಜಿಗೂ ನಂಟಿದೆಯೆಂದು ಅದೇ ತಂಡ 1990ರಲ್ಲಿ ವರದಿ ಮಾಡಿತು. ಒಂದೇ ಬಯಲಿನಲ್ಲಿ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಸೀನು, ಉಬ್ಬಸ ಬಂದು ಇನ್ನೊಬ್ಬರಿಗೆ ಬಾರದಿರುವುದು ಏಕೆಂಬುದು ಇದರಿಂದ ಅರ್ಥವಾಗುತ್ತದೆ. ಬಯಲಿನಲ್ಲಿ ಆ ಕಳೆಯೇ ಇಲ್ಲದಿದ್ದರೆ ಇಬ್ಬರೂ ಆ ಅಲರ್ಜಿಯಿಲ್ಲದೆ ಇರುತ್ತಾರೆ ಎಂಬುದೂ ಅಷ್ಟೇ ಸ್ಪಷ್ಟ. ಕರ್ನಾಟಕ ಸರ್ಕಾರವು 1975ರಲ್ಲಿಯೇ ಇದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿದೆ.

ಸಾಕ್ಷ್ಯದ ಮಿತಿ ಮತ್ತು ಜನರ ಹಕ್ಕು

ಉಬ್ಬಸವು ಒಂದೇ ವಂಶವಾಹಿಯಿಂದ ಬರುವ ಕಾಯಿಲೆಯಲ್ಲ. ನೂರಕ್ಕೂ ಹೆಚ್ಚು ವಂಶವಾಹಿ ತಾಣಗಳು ಇದರಲ್ಲಿ ಅಲ್ಪಸ್ವಲ್ಪ ಪಾಲು ಹೊಂದಿವೆ. ಆದುದರಿಂದ ರಕ್ತ ಪರೀಕ್ಷಿಸಿ ‘ಈ ಮಗುವಿಗೆ ಉಬ್ಬಸ ಬಂದೇ ಬರುತ್ತದೆ’ ಎಂದು ಹೇಳಲಾಗದು. ರೋಗನಿರ್ಣಯಕ್ಕೆ ವಂಶವಾಹಿ ಪರೀಕ್ಷೆಯ ಅಗತ್ಯವಿಲ್ಲ. ಅಂತಹ ಪರೀಕ್ಷೆಗೆಂದು ಯಾರಾದರೂ ಹಣ ಕೇಳಿದರೆ ಜನರು ವೈದ್ಯಾಧಿಕಾರಿಗಳನ್ನು ವಿಚಾರಿಸಬೇಕು. ಉಬ್ಬಸವಿರುವ ಕಾರಣಕ್ಕೆ ಒಂದು ಮನೆತನವನ್ನು ಸಂಬಂಧಕ್ಕೆ ದೂರವಿಡುವುದಕ್ಕೂ ವಿಜ್ಞಾನದ ಸಮರ್ಥನೆಯಿಲ್ಲ.

ಮೇಲೆ ಹೇಳಿದ ಅಧ್ಯಯನಗಳಲ್ಲಿ ಹಲವು ಯುರೋಪ್ ಮತ್ತು ಅಮೆರಿಕದ ಜನರಲ್ಲಿ ನಡೆದವು. ನಮ್ಮ ಜನರ ವಂಶವಾಹಿ ವೈವಿಧ್ಯವನ್ನು ದಾಖಲಿಸಲು ‘ಜೀನೋಮ್ ಇಂಡಿಯಾ’ ಯೋಜನೆಯು ಸುಮಾರು 10,000 ಜನರ ಮಾಹಿತಿಯನ್ನು ಸಿದ್ಧಪಡಿಸಿದ್ದು, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ಮುಕ್ತಗೊಳಿಸಲಾಯಿತು. ಇಂತಹ ಕಾರ್ಯಗಳಿಗಾಗಿ ಸಂಶೋಧಕರು ಗ್ರಾಮಗಳಿಗೆ ಬಂದು ರಕ್ತ ಅಥವಾ ಜೊಲ್ಲಿನ ಮಾದರಿ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅವರು ನೈತಿಕ ಸಮಿತಿಯ ಅನುಮೋದನೆ ಹೊಂದಿರಬೇಕು. ಉದ್ದೇಶವನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಪ್ರತಿಯೊಬ್ಬರ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಗ್ರಾಮದ ಮುಖಂಡರ ಒಪ್ಪಿಗೆ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು. ಒಪ್ಪದಿರಲು ಮತ್ತು ಒಪ್ಪಿದ ಮೇಲೂ ಹಿಂದೆ ಸರಿಯಲು ಜನರಿಗೆ ಹಕ್ಕಿದೆ. ಅನುಮೋದನಾ ಪತ್ರವನ್ನು ನೋಡಲು ಕೇಳುವುದು ಸದಸ್ಯರ ಕರ್ತವ್ಯ.

ಪಂಚಾಯತಿಯ ಮುಂದಿರುವ ಕೆಲಸ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 1981ರಿಂದ 1987ರ ನಡುವೆ 26 ಬಾರಿ, ಒಂದೊಂದು ದಿನ, ಉಬ್ಬಸದ ರೋಗಿಗಳು ಏಕಾಏಕಿ ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ಬಂದರಿನಲ್ಲಿ ಹಡಗಿನಿಂದ ಸೋಯಾಬೀನ್ ಇಳಿಸುವಾಗ ಉಗ್ರಾಣದಿಂದ ಏಳುತ್ತಿದ್ದ ಧೂಳೇ ಇದಕ್ಕೆ ಕಾರಣವೆಂದು ತನಿಖೆಯಿಂದ ತಿಳಿಯಿತು. ಆ ಧೂಳಿಗೆ ಅಲರ್ಜಿ ಇದ್ದವರು ನಗರದ ಕೆಲವರು ಮಾತ್ರ. ಅವರ ವಂಶವಾಹಿಗಳನ್ನು ಯಾರೂ ಬದಲಿಸಲಿಲ್ಲ. ಉಗ್ರಾಣಕ್ಕೆ ಧೂಳು ತಡೆಯುವ ಶೋಧಕಗಳನ್ನು ಅಳವಡಿಸಿದ ಬಳಿಕ ಆ ಹಾವಳಿ ನಿಂತಿತು. ಹತ್ತಿ, ತೊಗರಿ, ಶೇಂಗಾ ರಾಶಿ ಮಾಡುವ ನಮ್ಮ ಜಿಲ್ಲೆಗೂ ಇದರಲ್ಲಿ ಪಾಠವಿದೆ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಆರೋಗ್ಯ ಮತ್ತು ನೈರ್ಮಲ್ಯ, ಇಂಧನ ಮತ್ತು ಮೇವು ಎಂಬ ವಿಷಯಗಳು ಪಂಚಾಯತಿಗಳಿಗೆ ಸಂಬಂಧಿಸಿವೆ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯನ್ನು ರೂಪಿಸುವಾಗ ಕೆಳಕಂಡ ಅಂಶಗಳನ್ನು ಪರಿಗಣಿಸಬಹುದು.

1. ಅಡುಗೆ ಹೊಗೆ: ಉಜ್ವಲಾ ಯೋಜನೆ 2016ರಲ್ಲಿ ಆರಂಭವಾಗಿದ್ದರೂ ಸಿಲಿಂಡರ್ ಇರುವ ಮನೆಗಳಲ್ಲಿಯೂ ರೊಟ್ಟಿ ಬೇಯಿಸಲು, ನೀರು ಕಾಯಿಸಲು ಕಟ್ಟಿಗೆಯ ಒಲೆಯೇ ಉಳಿದಿರುವುದುಂಟು. ಗರ್ಭಿಣಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಿರುವ ಇಂತಹ ಮನೆಗಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಗುರುತಿಸಬೇಕು. ನೀರು ಕಾಯಿಸುವ ಒಲೆಯನ್ನು ಮನೆಯ ಹೊರಗಿಡುವುದು, ಅಡುಗೆಮನೆಗೆ ಹೊಗೆಗೂಡು ಅಥವಾ ಕಿಟಕಿ ಇಡಿಸುವುದು ಕಡಿಮೆ ಖರ್ಚಿನ ಪರಿಹಾರಗಳು. ಅಂಗನವಾಡಿ ಮತ್ತು ಶಾಲೆಯ ಅಡುಗೆಮನೆಗಳು ಹೊಗೆಮುಕ್ತವಾಗಿರುವುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

2. ತಂಬಾಕು: 2003ರ ತಂಬಾಕು ಉತ್ಪನ್ನಗಳ ಕಾಯ್ದೆಯಂತೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷಿದ್ಧ, ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಪಂಚಾಯತಿ ಕಚೇರಿ ಮತ್ತು ಬಸ್ ನಿಲ್ದಾಣದಿಂದಲೇ ಪಾಲನೆ ಆರಂಭವಾಗಬೇಕು. ಮಕ್ಕಳಿರುವ ಕೋಣೆಯಲ್ಲಿ ಬೀಡಿ ಸೇದದಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡಬೇಕು.

3. ಕಾಂಗ್ರೆಸ್ ಹುಲ್ಲು: ಮಳೆ ಬಿದ್ದು ಗಿಡ ಎದ್ದ ಮೇಲೆ, ಹೂ ಬಿಡುವ ಮುನ್ನವೇ ಬೇರುಸಹಿತ ಕೀಳಿಸಬೇಕು. ಕೆಲಸಗಾರರಿಗೆ ಕೈಗವಸು, ಮುಖಕ್ಕೆ ಬಟ್ಟೆ ಒದಗಿಸಬೇಕು. ಉಬ್ಬಸ ಅಥವಾ ಚರ್ಮದ ಅಲರ್ಜಿ ಇರುವವರಿಗೆ ಈ ಕೆಲಸ ಹಚ್ಚಬಾರದು.

4. ಧೂಳು ಮತ್ತು ಸುಡುವಿಕೆ: ಊರ ಕಸವನ್ನು ಸುಡದೆ ಬೇರ್ಪಡಿಸಿ ವಿಲೇವಾರಿ ಮಾಡಬೇಕು. ರಾಶಿ ಯಂತ್ರಗಳನ್ನು ಶಾಲೆ ಮತ್ತು ವಸತಿಯಿಂದ ದೂರ, ಹೊಟ್ಟು ಊರಿನತ್ತ ಹಾರದ ದಿಕ್ಕಿನಲ್ಲಿ ನಿಲ್ಲಿಸಲು ಸ್ಥಳ ಗೊತ್ತುಪಡಿಸಬೇಕು. ಅಬ್ಬೆತುಮಕೂರಿನ ವಿಶ್ವಾರಾಧ್ಯ ಸಿದ್ಧಸಂಸ್ಥಾನ ಮಠದ ಜಾತ್ರೆಯಂತಹ ಸಂದರ್ಭಗಳಲ್ಲಿ ರಸ್ತೆಗೆ ನೀರು ಚಿಮುಕಿಸುವುದು, ದಾಸೋಹದ ಒಲೆಗಳ ಹೊಗೆ ಜನಸಂದಣಿಯತ್ತ ಬಾರದಂತೆ ನೋಡಿಕೊಳ್ಳುವುದು ಉಪಯುಕ್ತ.

5. ಚಿಕಿತ್ಸೆ: ಪರಿಸರ ಸುಧಾರಣೆ ಚಿಕಿತ್ಸೆಗೆ ಪರ್ಯಾಯವಲ್ಲ. ವೈದ್ಯರು ಸೂಚಿಸಿದ ಇನ್‌ಹೇಲರ್ ಚಟ ಹಿಡಿಸುವ ವಸ್ತುವಲ್ಲ. ಅದರ ಔಷಧ ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಕಡಿಮೆ ಪ್ರಮಾಣವೇ ಸಾಕಾಗುತ್ತದೆ. ಕಾಯಿಲೆ ತಗ್ಗಿತೆಂದು ಅದನ್ನು ತಾವಾಗಿ ನಿಲ್ಲಿಸಬಾರದು. ಉಬ್ಬಸವಿರುವ ಮಗುವಿನ ವಿಷಯ ಶಿಕ್ಷಕರಿಗೆ ತಿಳಿದಿರಬೇಕು. ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು.

ಮುಂದಿನ ಗ್ರಾಮಸಭೆಯಲ್ಲಿ ಸದಸ್ಯರು ತಮ್ಮ ವಾರ್ಡಿನ ಬಗ್ಗೆ ಮೂರು ಪ್ರಶ್ನೆಗಳನ್ನು ಮುಂದಿಡಬಹುದು: ಚಿಕ್ಕ ಮಕ್ಕಳಿರುವ ಎಷ್ಟು ಮನೆಗಳಲ್ಲಿ ಇನ್ನೂ ಒಳಗಡೆಯೇ ಕಟ್ಟಿಗೆಯ ಒಲೆ ಉರಿಯುತ್ತಿದೆ? ಕಸವನ್ನು ಎಲ್ಲಿ ಸುಡಲಾಗುತ್ತಿದೆ? ಶಾಲೆಯ ಸುತ್ತ ಕಾಂಗ್ರೆಸ್ ಹುಲ್ಲು ಎಷ್ಟಿದೆ? ಇವಕ್ಕೆ ದೊರೆಯುವ ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ, ಮರುವರ್ಷ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಗ್ರಾಮದ ಗಾಳಿ ಸುಧಾರಿಸಿದೆಯೇ ಎಂಬುದು ತಾನಾಗಿ ತಿಳಿಯುತ್ತದೆ.